ಪದಕ ಹೋಯಿತು, ಓಟದ ವಿದ್ಯೆ ಉಳಿಯಿತು

ವಲಯ ಮಟ್ಟದ ಕ್ರೀಡಾಕೂಟ ಮುಗಿದ ವಾರ ನಮ್ಮ ಕನ್ನಡ ಶಾಲೆಗಳ ಮಕ್ಕಳಿರುವ ಒಂದೆರಡು ಮನೆಗಳಲ್ಲಿ ಪ್ರತಿ ವರ್ಷವೂ ಒಂದೇ ಮಾತು ನಡೆಯುತ್ತದೆ. ಮಗಳು 600 ಮೀಟರಿನಲ್ಲೋ 1500 ಮೀಟರಿನಲ್ಲೋ ಮೊದಲು ಬಂದಿರುತ್ತಾಳೆ. ಜಿಲ್ಲಾ ಮಟ್ಟಕ್ಕೆ ಕಳಿಸಿಕೊಡಿ ಎಂದು ಪಿ.ಟಿ. ಮೇಷ್ಟ್ರು ಹೇಳಿ ಕಳಿಸಿರುತ್ತಾರೆ. "ಓಡಿದರೆ ಹೊಟ್ಟೆ ತುಂಬುತ್ತದಾ? ಮೊದಲು ಹತ್ತನೇ ಕ್ಲಾಸು ಪಾಸಾಗಲಿ" ಎನ್ನುತ್ತಾರೆ ತಾಯಿ. "ಹೋಗಿ ಬರಲಿ ಬಿಡು" ಎನ್ನುವ ತಂದೆಗೂ ಒಳಗೊಳಗೇ ಅಳುಕು. ತಾಳವಾಡಿ ಕಡೆಯ ಮಗು ಈರೋಡಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಹೊಸೂರು, ಕಾಸರಗೋಡು, ಜತ್ತ, ಅಕ್ಕಲಕೋಟೆಯ ಮಕ್ಕಳಿಗೆ ದಾರಿ ಬೇರೆ, ಅಳುಕು ಅದೇ. ಅಲ್ಲಿ ಮೈಕಿನಲ್ಲಿ ಹೆಸರು ಕೂಗುವ ಭಾಷೆ ಮನೆಯ ಭಾಷೆಯಲ್ಲ.

ಓಡುವ ಮಗುವಿನ ಮುಂದಿನ ದಾರಿ ಯಾವುದು? ಓಟ ನಿಂತ ಮೇಲೆ ಏನು? ಈ ಎರಡು ಪ್ರಶ್ನೆಗೆ ಉತ್ತರ ಬೇಕಾದವರು ತಮಿಳುನಾಡಿನ ಇನ್ನೊಂದು ಮೂಲೆಯ ಒಬ್ಬ ಓಟಗಾರ್ತಿಯ ಬದುಕನ್ನು ತಿಳಿದುಕೊಳ್ಳುವುದು ಒಳ್ಳೆಯದು. ಅವರ ಹೆಸರು ಶಾಂತಿ ಸೌಂದರರಾಜನ್. ಪತ್ರಿಕೆಗಳಲ್ಲಿ ಅವರ ಹೆಸರು ಬಂದದ್ದೆಲ್ಲ ಹೆಚ್ಚಾಗಿ ಅವರು ಕಳೆದುಕೊಂಡ ಪದಕದ ವಿಷಯಕ್ಕೆ. ಆ ಪದಕದ ಹಿಂದೆ ಮತ್ತು ಮುಂದೆ ಇರುವ ಕತೆ, ಮಕ್ಕಳನ್ನು ಓದಿಸುತ್ತಿರುವ ನಮಗೆ ಹೆಚ್ಚು ಬೇಕಾದದ್ದು.

ಅಜ್ಜ ಕೊಡಿಸಿದ ಷೂ

ಶಾಂತಿಯವರು ಪುದುಕ್ಕೋಟೈ ಜಿಲ್ಲೆಯ ಕತ್ತಕ್ಕುರಿಚ್ಚಿ ಎಂಬ ಹಳ್ಳಿಯವರು. ಹುಟ್ಟಿದ್ದು 1981ರಲ್ಲಿ. ತಂದೆ ತಾಯಿ ಇಬ್ಬರೂ ಇಟ್ಟಿಗೆ ಗೂಡಿನಲ್ಲಿ ಕೂಲಿ. ಐದು ಮಕ್ಕಳಲ್ಲಿ ಇವರೇ ಹಿರಿಯರು. ದೊಡ್ಡವರು ಕೂಲಿಗೆ ಹೋದಾಗ ಚಿಕ್ಕವರನ್ನು ನೋಡಿಕೊಳ್ಳುವ ಹೊಣೆ ಹಿರಿಯ ಮಗಳದೇ. ಇಂಥ ಮನೆಗಳು ನಮ್ಮ ಊರುಗಳಲ್ಲೂ ಇವೆ. ಅಂಥ ಮನೆಯ ಮಗು ಶಾಲೆಗೆ ದಿನಾ ಬರುವುದೇ ಎಷ್ಟು ಕಷ್ಟ ಎಂಬುದು ಹಾಜರಿ ಪುಸ್ತಕ ಹಿಡಿದವರಿಗೆಲ್ಲ ಗೊತ್ತು.

ಓಟ ಕಲಿಸಿದವರು ಮನೆಯವರೇ. ಅವರ ಅಜ್ಜ ಒಳ್ಳೆಯ ಓಟಗಾರರಾಗಿದ್ದರಂತೆ. ಗುಡಿಸಲಿನ ಮುಂದಿನ ಮಣ್ಣಿನ ಬಯಲಿನಲ್ಲಿ ಮೊಮ್ಮಗಳಿಗೆ ಓಡುವುದನ್ನು ಹೇಳಿಕೊಟ್ಟರು. ಹದಿಮೂರನೇ ವಯಸ್ಸಿನಲ್ಲಿ ಒಂದು ಜೊತೆ ಷೂ ಕೊಡಿಸಿದರು. ಎಂಟನೇ ತರಗತಿಯಲ್ಲಿ ಮೊದಲ ಸ್ಪರ್ಧೆ. ಬಹುಮಾನವಾಗಿ ಬಂದದ್ದು ಒಂದು ತಗಡಿನ ಕಪ್ಪು. ಆಮೇಲೆ ಶಾಲೆ ಶಾಲೆಗಳ ನಡುವಿನ ಪಂದ್ಯಗಳಲ್ಲಿ ಅಂಥವೇ ಇನ್ನೂ ಹದಿಮೂರು ಕಪ್ಪುಗಳು ಬಂದವು.

ಅಲ್ಲಿಂದ ಮುಂದಿನದು ನಾವು ಗಮನಿಸಬೇಕಾದ ಸಂಗತಿ. ಹತ್ತಿರದ ಹೈಸ್ಕೂಲಿನ ಕ್ರೀಡಾ ಶಿಕ್ಷಕರೊಬ್ಬರು ಈ ಹುಡುಗಿಯ ಓಟ ನೋಡಿ ತಮ್ಮ ಶಾಲೆಗೆ ಕರೆದುಕೊಂಡರು. ಆ ಶಾಲೆ ಫೀಸು ಕಟ್ಟಿತು, ಸಮವಸ್ತ್ರ ಕೊಟ್ಟಿತು, ಮಧ್ಯಾಹ್ನ ಬಿಸಿ ಊಟ ಕೊಟ್ಟಿತು. ದಿನಕ್ಕೆ ಮೂರು ಹೊತ್ತು ಊಟ ಸಿಕ್ಕಿದ್ದು ಅವರಿಗೆ ಬದುಕಿನಲ್ಲಿ ಅದೇ ಮೊದಲು. ಹೈಸ್ಕೂಲು ಮುಗಿದ ಮೇಲೆ ವಿದ್ಯಾರ್ಥಿವೇತನದಿಂದ ಪುದುಕ್ಕೋಟೈಯ ಕಾಲೇಜು ಸೇರಿದರು. ಮರುವರ್ಷ ಚೆನ್ನೈನ ಕಾಲೇಜಿಗೆ ಹೋದರು. ಅಂದರೆ ಓಟವು ಈ ಹುಡುಗಿಯನ್ನು ಓದಿನಿಂದ ಆಚೆ ಎಳೆಯಲಿಲ್ಲ. ಕೂಲಿಗೆ ಹೋಗಿ ನಿಂತುಬಿಡಬಹುದಾಗಿದ್ದವಳನ್ನು ಕಾಲೇಜಿನ ತನಕ ಕೊಂಡೊಯ್ದಿತು. "ಓಡಿದರೆ ಓದು ಕೆಡುತ್ತದೆ" ಎನ್ನುವವರು ಇದನ್ನು ಒಂದು ಸಲ ಯೋಚಿಸಬೇಕು. ಬಡ ಮನೆಯ ಮಗುವಿಗೆ ಎಷ್ಟೋ ಸಲ ಓದಿನ ಬಾಗಿಲನ್ನು ತೆಗೆದುಕೊಡುವುದೇ ಓಟ.

ಎರಡು ಸುತ್ತು, ಎರಡು ನಿಮಿಷ

ಶಾಂತಿಯವರ ಮುಖ್ಯ ಓಟ 800 ಮೀಟರ್. 1500 ಮೀಟರನ್ನೂ, ತಡೆಗಳನ್ನೂ ನೀರಿನ ಗುಂಡಿಯನ್ನೂ ಹಾರುತ್ತ ಓಡುವ 3000 ಮೀಟರ್ ಸ್ಟೀಪಲ್‌ಚೇಸನ್ನೂ ಅವರು ಓಡಿದ್ದರು. 800 ಎಂದರೆ 400 ಮೀಟರಿನ ಟ್ರ್ಯಾಕಿನಲ್ಲಿ ಎರಡು ಸುತ್ತು. ಹೇಳಲು ಸುಲಭ. ಆದರೆ ಇದು ಜೋರಾಗಿ ಓಡಬಲ್ಲವರಿಗೂ ಬಹಳ ಹೊತ್ತು ಓಡಬಲ್ಲವರಿಗೂ ಸಮಾನವಾಗಿ ಕಷ್ಟದ ಓಟ. ಮೊದಲ ಸುತ್ತಿನಲ್ಲಿ ಉಮೇದಿನಿಂದ ನುಗ್ಗಿದವರು ಕೊನೆಯ 150 ಮೀಟರಿನಲ್ಲಿ ಕಾಲು ಎತ್ತಲಾರದೆ ಹೋಗುತ್ತಾರೆ. ಹಿಂದೆ ಉಳಿದುಕೊಂಡವರು ಗುಂಪಿನ ಮಧ್ಯೆ ಸಿಕ್ಕಿಬೀಳುತ್ತಾರೆ. ಕಾಲಿನಷ್ಟೇ ತಲೆಯೂ ಓಡಬೇಕು.

2005ರಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ಪಿನಲ್ಲಿ ಅವರಿಗೆ 800 ಮೀಟರಿನ ಬೆಳ್ಳಿ ಬಂತು. ಮರುವರ್ಷ, 2006ರ ಡಿಸೆಂಬರಿನಲ್ಲಿ, ಕತಾರಿನ ದೋಹಾದಲ್ಲಿ ಏಷ್ಯನ್ ಕ್ರೀಡಾಕೂಟ. ಅಲ್ಲಿ 2 ನಿಮಿಷ 3.16 ಸೆಕೆಂಡಿನಲ್ಲಿ ಓಡಿ ಮತ್ತೆ ಬೆಳ್ಳಿ. ಅವರ ಬೆನ್ನಿಗೇ ಬಂದ ಕಜಕಿಸ್ತಾನದ ಓಟಗಾರ್ತಿಗೂ ಅವರಿಗೂ ಇದ್ದ ಅಂತರ ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲು. ಇಟ್ಟಿಗೆ ಗೂಡಿನ ಮನೆಯ ಮಗಳು ಏಷ್ಯಾದಲ್ಲಿ ಎರಡನೆಯವಳಾದಳು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಓಟದ ನಂತರ ಅವರನ್ನು ಲಿಂಗ ಪರೀಕ್ಷೆಗೆ ಒಳಪಡಿಸಲಾಯಿತು. ಕೆಲವೇ ದಿನಗಳಲ್ಲಿ, ಅವರು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ ಎಂಬ ಸುದ್ದಿ ಟಿ.ವಿ.ಯಲ್ಲಿ ದೇಶಕ್ಕೆಲ್ಲ ಹರಡಿತು. ಪದಕ ಹಿಂದಕ್ಕೆ ಹೋಯಿತು. ಇನ್ನು ಮುಂದೆ ಸ್ಪರ್ಧೆಯಲ್ಲಿ ಓಡುವಂತಿಲ್ಲ ಎಂದಾಯಿತು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು. ಇದು ಮದ್ದು ತೆಗೆದುಕೊಂಡ ಪ್ರಕರಣವಲ್ಲ. ಯಾರನ್ನೂ ಮೋಸ ಮಾಡಿದ ಪ್ರಕರಣವೂ ಅಲ್ಲ. ಹೆಣ್ಣಾಗಿ ಹುಟ್ಟಿ, ಹೆಣ್ಣಾಗಿ ಬೆಳೆದು, ಹೆಣ್ಣುಮಕ್ಕಳ ಶಾಲಾ ಪಂದ್ಯಗಳಲ್ಲಿ ಓಡುತ್ತ ಬಂದವರು ಅವರು. ಕೆಲವರ ದೇಹ ಹುಟ್ಟಿನಿಂದಲೇ ವೈದ್ಯ ಪುಸ್ತಕದ ಎರಡು ಅಂಕಣಗಳಲ್ಲಿ ನೇರವಾಗಿ ಕೂರುವುದಿಲ್ಲ. ಅದು ಅವರಿಗೇ ತಿಳಿದಿರುವುದಿಲ್ಲ. ಕ್ರೀಡೆಯ ನಿಯಮ ಏನೇ ಇರಲಿ, ಒಬ್ಬ ಹುಡುಗಿಯ ಮೈಯ ವಿಷಯ ಊರಿಗೆಲ್ಲ ಸುದ್ದಿಯಾಗುವ ರೀತಿ ಸರಿಯಲ್ಲ. ಎಂಟು ವರ್ಷಗಳ ನಂತರ, 2014ರಲ್ಲಿ, ಒಡಿಶಾದ ನೇಕಾರರ ಮನೆಯ ಓಟಗಾರ್ತಿ ದ್ಯುತಿ ಚಂದ್ ಅವರಿಗೂ ಇಂಥದೇ ತಡೆ ಬಂತು. ಆದರೆ ಆಗ ಜೊತೆಗೆ ನಿಲ್ಲುವವರಿದ್ದರು. ಸ್ವಿಟ್ಜರ್ಲೆಂಡಿನ ಲಾಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಗೆ ಅವರು ಹೋದರು. 2015ರಲ್ಲಿ ಮಂಡಳಿ ಆ ನಿಯಮವನ್ನು ತಡೆಹಿಡಿಯಿತು. 2016ರಲ್ಲಿ ದ್ಯುತಿ ರಿಯೋ ಒಲಿಂಪಿಕ್ಸಿನಲ್ಲಿ ಓಡಿದರು. ಶಾಂತಿಯವರಿಗೆ 2006ರಲ್ಲಿ ಅಂಥ ದಾರಿ ತೋರಿಸುವವರು ಸಿಗಲಿಲ್ಲ. ಅವರ ಪದಕ ಮರಳಿ ಬರಲಿಲ್ಲ.

ಮಕ್ಕಳ ಮುಂದೆ ನಿಂತ ಓಟಗಾರ್ತಿ

ಊರಿಗೆ ಬಂದ ಶಾಂತಿ ಜನರ ಮುಖ ನೋಡಲಾರದ ಸ್ಥಿತಿಗೆ ಬಂದರು. ಬದುಕೇ ಬೇಡವೆನಿಸುವ ಮಟ್ಟಕ್ಕೂ ಹೋದರು. ಅದನ್ನು ದಾಟಿ ಬಂದರು ಎಂಬುದೇ ನನ್ನ ಮಟ್ಟಿಗೆ ಅವರ ಎಲ್ಲ ಓಟಗಳಿಗಿಂತ ದೊಡ್ಡದು.

ಆ ದಿನಗಳಲ್ಲಿ ಒಂದು ಒಳ್ಳೆಯ ಕೆಲಸ ನಡೆದಿತ್ತು. ಪರೀಕ್ಷೆಯ ಫಲಿತಾಂಶ ಏನೇ ಇರಲಿ ಎಂದು ಅಂದಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಅವರು ಶಾಂತಿಯವರಿಗೆ 15 ಲಕ್ಷ ರೂಪಾಯಿಯ ಬಹುಮಾನವನ್ನೂ ಒಂದು ಟಿ.ವಿ.ಯನ್ನೂ ಕೊಟ್ಟರು. ಕೂಲಿಯ ಮನೆಗೆ ಅದು ದೊಡ್ಡ ಮೊತ್ತ. ಆ ಹಣದ ಆಸರೆಯಲ್ಲಿ ಅವರು ಪುದುಕ್ಕೋಟೈಯಲ್ಲಿ ಮಕ್ಕಳಿಗೆ ಓಟ ಕಲಿಸುವ ತರಬೇತಿ ಕೇಂದ್ರ ತೆರೆದರು. 2009ರ ಹೊತ್ತಿಗೆ ಅಲ್ಲಿ 68 ಮಕ್ಕಳು ಕಲಿಯುತ್ತಿದ್ದರು. ಚೆನ್ನೈ ಮ್ಯಾರಥಾನಿನಲ್ಲಿ ಅವರ ಶಿಷ್ಯರು ಮೊದಲನೆಯ ಮತ್ತು ಮೂರನೆಯ ಸ್ಥಾನ ಪಡೆದರು.

ಪದಕವನ್ನು ಕಿತ್ತುಕೊಳ್ಳಬಹುದು. ಆದರೆ ಮೊದಲ ಸುತ್ತನ್ನು ಎಷ್ಟು ಬಿಗಿಯಾಗಿ ಓಡಬೇಕು, ಎಲ್ಲಿ ಉಸಿರು ಉಳಿಸಬೇಕು, ಎಲ್ಲಿ ಪಕ್ಕಕ್ಕೆ ಸರಿದು ಮುಂದೆ ಹೋಗಬೇಕು ಎಂಬ ತಿಳಿವಳಿಕೆಯನ್ನು ಯಾವ ಸಮಿತಿಯೂ ಹಿಂದಕ್ಕೆ ಪಡೆಯಲಾರದು. ಅವರು ಓಡುವಂತಿರಲಿಲ್ಲ, ಓಡಿಸಬಹುದಿತ್ತು.

ಆದರೆ ತಿಳಿವಳಿಕೆ ಇದ್ದ ಮಾತ್ರಕ್ಕೆ ಸಂಸಾರ ನಡೆಯುವುದಿಲ್ಲ. ಗುತ್ತಿಗೆಯ ತರಬೇತುದಾರರ ಕೆಲಸ, ಕಡಿಮೆ ಸಂಬಳ. ಅದು ನಿಲ್ಲಲಿಲ್ಲ. 2012ರಲ್ಲಿ ಪತ್ರಿಕೆಗಳು ಕಂಡಾಗ ಅವರು ದಿನಕ್ಕೆ 200 ರೂಪಾಯಿ ಕೂಲಿಗೆ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದರು. ತಂದೆ ತಾಯಿ ಯಾವ ಕೆಲಸದಲ್ಲಿ ಸವೆದರೋ ಅದೇ ಕೆಲಸ. ಏಷ್ಯಾದಲ್ಲಿ ಎರಡನೆಯ ಸ್ಥಾನ ಪಡೆದ ಆರೇ ವರ್ಷಕ್ಕೆ.

ಬೆಂಗಳೂರಿನ ಡಿಪ್ಲೊಮಾ

ಸುದ್ದಿ ದೇಶಕ್ಕೆಲ್ಲ ಗೊತ್ತಾದ ಮೇಲೆ ಕೇಂದ್ರದ ಕ್ರೀಡಾ ಇಲಾಖೆ ನೆರವಿಗೆ ಬಂತು. ಅವರು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಒಂದು ವರ್ಷದ ತರಬೇತುದಾರರ ಡಿಪ್ಲೊಮಾಕ್ಕೆ ಸೇರಿದರು. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಈ ಡಿಪ್ಲೊಮಾವನ್ನು ಕ್ರೀಡಾ ವಲಯದಲ್ಲಿ ಚುಟುಕಾಗಿ ಎನ್‌ಐಎಸ್ ಎನ್ನುತ್ತಾರೆ. ಸರ್ಕಾರಿ ತರಬೇತುದಾರರಾಗುವವರಿಗೆ ಇದೇ ಮುಖ್ಯ ಅರ್ಹತೆ. ದೇಹದ ರಚನೆ, ಬೆಳೆಯುವ ವಯಸ್ಸಿನ ಮಗುವಿಗೆ ಎಷ್ಟು ಅಭ್ಯಾಸ ಕೊಡಬೇಕು, ವರ್ಷದ ತರಬೇತಿಯ ಯೋಜನೆ, ಗಾಯವಾಗದಂತೆ ನೋಡಿಕೊಳ್ಳುವುದು, ಸ್ಪರ್ಧೆಯ ನಿಯಮಗಳು, ಇವೆಲ್ಲ ಅಲ್ಲಿನ ಪಾಠ. ಕಾಲಿಗೆ ಗೊತ್ತಿದ್ದುದನ್ನು ಕಾಗದದ ಮೇಲೆ ಬರೆದು ವಿವರಿಸುವುದನ್ನು ಅಲ್ಲಿ ಕಲಿಯಬೇಕು.

ಡಿಪ್ಲೊಮಾ ಮುಗಿಸಿ ಬಂದ ಅವರು ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರದಲ್ಲಿ ತರಬೇತುದಾರರಾದರು. ಮೊದಲು ಅದೂ ಗುತ್ತಿಗೆಯೇ. ಬಿಡದೆ ಹೋರಾಡಿದ ಮೇಲೆ 2016ರಲ್ಲಿ ಖಾಯಂ ಹುದ್ದೆ ಸಿಕ್ಕಿತು. ಓಟ ನಿಂತು ಹತ್ತು ವರ್ಷ ಕಳೆದಿತ್ತು.

ಈ ಹತ್ತು ವರ್ಷವನ್ನು ಮತ್ತೊಮ್ಮೆ ನೋಡಿ. 15 ಲಕ್ಷದ ಬಹುಮಾನ ಇದ್ದೂ, 68 ಮಕ್ಕಳಿಗೆ ಕಲಿಸಿದ ಹೆಸರಿದ್ದೂ, ಅವರು ಇಟ್ಟಿಗೆ ಗೂಡಿಗೆ ಮರಳಬೇಕಾಯಿತು. ಸ್ಥಿರವಾದ ಕೆಲಸ ಬಂದದ್ದು ಕೈಯಲ್ಲಿ ಡಿಪ್ಲೊಮಾ ಬಂದ ಮೇಲೆ. ಕಾಲೇಜಿನವರೆಗೂ ಓದಿದ್ದರಿಂದ ಆ ಡಿಪ್ಲೊಮಾದ ತರಗತಿಯಲ್ಲಿ ಅವರು ಕೂರಬಹುದಾಯಿತು. ಎಂಟನೇ ತರಗತಿಗೇ ಓದು ಬಿಟ್ಟು ಓಟ ಒಂದನ್ನೇ ಹಿಡಿದಿದ್ದರೆ?

ನಮ್ಮ ಮಕ್ಕಳ ವಿಷಯಕ್ಕೆ ಬಂದರೆ

ಮೊದಲ ಮಾತು ಭಾಷೆಯದು. ಗಡಿಯ ಆಚೆ ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಜಿಲ್ಲಾ ಮಟ್ಟದಲ್ಲಿ ಕಲಿಸುವವರು ಆಯಾ ರಾಜ್ಯದ ಭಾಷೆಯವರೇ ಆಗಿರುತ್ತಾರೆ. ತಮಿಳುನಾಡಿನಲ್ಲಾದರೆ ತಮಿಳಿನಲ್ಲೇ ಕೂಗುತ್ತಾರೆ. ಕನ್ನಡ ತಮಿಳು ಎರಡೂ ಕಲಿತವರಿಗೆ ಇದರಲ್ಲಿ ಒಂದು ಸೂಕ್ಷ್ಮ ಕಾಣುತ್ತದೆ. ತಮಿಳಿನಲ್ಲಿ 'ತೋಳ್' ಎಂದರೆ ಹೆಗಲು. ನಮಗೆ ತೋಳು ಎಂದರೆ ಕೈ. 'ತೋಳನ್ನು ಸಡಿಲ ಬಿಡು' ಎಂದು ತಮಿಳಿನಲ್ಲಿ ಹೇಳಿದರೆ ನಮ್ಮ ಮಗು ಹೆಗಲು ಬಿಗಿಹಿಡಿದೇ ಕೈ ಜೋಲುಬಿಟ್ಟು ಓಡೀತು. 'ವೇಗಂ' ಎಂಬುದು ಅವರಿಗೆ ಓಟದ ಬಿರುಸು. ನಮ್ಮ ಮನೆಮಾತಿನ 'ಬೇಗ' ಎಂಬುದು ಬಹಳ ಸಲ ಹೊತ್ತಿನ ಮಾತು. ತಮಿಳಿನ 'ಉಯಿರ್' ಎಂದರೆ ಪ್ರಾಣ. ನಮ್ಮ ಉಸಿರಿಗೆ ಅವರು 'ಮೂಚ್ಚು' ಎನ್ನುತ್ತಾರೆ. ಹತ್ತಿರದ ಭಾಷೆ ಎಂಬ ಧೈರ್ಯದಲ್ಲೇ ತಪ್ಪು ತಿಳಿಯುವ ಅಪಾಯ ಹೆಚ್ಚು.

ಇದಕ್ಕಾಗಿ ಮಾಧ್ಯಮ ಬದಲಿಸಬೇಕಾಗಿಲ್ಲ. ಜಿಲ್ಲಾ ಮಟ್ಟಕ್ಕೆ ಹೋಗುವ ಮುಂಚೆ ಮೈದಾನದ ಇಪ್ಪತ್ತು ಮೂವತ್ತು ಮಾತುಗಳನ್ನು ಎರಡೂ ಭಾಷೆಯಲ್ಲಿ ಬರೆಸಿ ಕಲಿಸಿದರೆ ಸಾಕು: ಸುತ್ತು, ಸಾಲು, ಹೆಗಲು, ಹಿಮ್ಮಡಿ, ಹಿಡಿತ, ನಿಧಾನ, ಉಸಿರು. ಮಲಯಾಳ, ಮರಾಠಿ, ತೆಲುಗು ಸೀಮೆಯವರೂ ಹೀಗೇ ಮಾಡಬಹುದು. ಕನ್ನಡದಲ್ಲಿ ಚೆನ್ನಾಗಿ ಓದಿ ಅರ್ಥ ಮಾಡಿಕೊಳ್ಳುವ ಮಗುವಿಗೆ ಇಷ್ಟು ಮಾತು ಕಲಿಯಲು ಒಂದು ವಾರ ಸಾಕು. ಮುಂದೆ ಆ ಮಗು ತರಬೇತುದಾರರಾದರೆ ಎರಡು ಭಾಷೆಯ ಮಕ್ಕಳಿಗೂ ಕಲಿಸಬಲ್ಲವರಾಗುತ್ತಾರೆ. ಗಡಿಯ ಮೈದಾನಗಳಿಗೆ ಬೇಕಾದದ್ದು ಅಂಥವರೇ.

ಎರಡನೆಯದು ಊಟ. ಶಾಂತಿಯವರ ಓಟಕ್ಕೆ ತಿರುವು ಕೊಟ್ಟದ್ದು ಬಿಸಿ ಊಟ. ದೂರದ ಓಟ ಓಡುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ಉಸಿರು ಏರುತ್ತದೆ, ಕಾಲು ಸೋಲುತ್ತದೆ. ಮಗಳು ಸೋಮಾರಿಯಾದಳು ಎಂದು ಬೈಯುವ ಮೊದಲು ಒಂದು ಸಲ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ರಾಗಿ, ಹುರುಳಿ, ಸೊಪ್ಪು, ಮೊಟ್ಟೆ ನಮ್ಮ ಮನೆಗಳಿಗೆ ಹೊಸತಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಿಟಕಿಯಿಂದ ಎಸೆಯದೆ ನುಂಗಿದಳೇ ಎಂದು ಕೇಳಿ. ಇನ್ನು ಹನ್ನೆರಡು ಹದಿಮೂರರ ಮಗುವನ್ನು ಬೆಳಗಿನ ಜಾವ ಎಬ್ಬಿಸಿ ಹತ್ತು ಕಿಲೋಮೀಟರ್ ಓಡಿಸಬೇಡಿ. ಹದಿನಾಲ್ಕರ ಒಳಗಿನ ಹೆಣ್ಣುಮಕ್ಕಳಿಗೆ ಶಾಲಾ ಸ್ಪರ್ಧೆಯಲ್ಲಿ 600 ಮೀಟರಿಗೇ ಮಿತಿ ಹಾಕಿರುವುದಕ್ಕೆ ಕಾರಣವಿದೆ. ಆ ವಯಸ್ಸಿಗೆ ಆಟವೇ ಅರ್ಧ ತರಬೇತಿ.

ಮೂರನೆಯದು ಕಾಗದ ಪತ್ರ. ವಲಯ ಮಟ್ಟದ್ದೇ ಆಗಲಿ, ಪ್ರತಿ ಪ್ರಮಾಣಪತ್ರವನ್ನೂ ಜೋಪಾನವಾಗಿಡಿ. ಕ್ರೀಡಾ ವಿದ್ಯಾರ್ಥಿನಿಲಯದ ಆಯ್ಕೆಗೆ, ಕಾಲೇಜಿನ ಕ್ರೀಡಾ ಕೋಟಾಕ್ಕೆ, ಮುಂದೆ ಕೆಲಸಕ್ಕೆ ಅವು ಬೇಕಾಗುತ್ತವೆ. ಅದರಲ್ಲಿ ಹೆಸರು ಸರಿಯಾಗಿದೆಯೇ ಎಂದು ಅಲ್ಲೇ ನೋಡಿ. ತಮಿಳು ಲಿಪಿಯಲ್ಲಿ ಕ-ಗ, ಪ-ಬ, ತ-ದ ಇವಕ್ಕೆ ಬೇರೆ ಬೇರೆ ಅಕ್ಷರಗಳಿಲ್ಲ. ಹಾಗಾಗಿ ಶಾಲೆಯ ದಾಖಲೆಯ 'ಬಸಮ್ಮ' ತಮಿಳಿನಿಂದ ಇಂಗ್ಲಿಷಿಗೆ ಹೋಗುವಾಗ 'ಪಸಮ್ಮ' ಆಗಿಬಿಡುತ್ತಾಳೆ, 'ಗೌರಿ' 'ಕೌರಿ' ಆಗುತ್ತಾಳೆ. ಗೆದ್ದ ದಿನ ತಿದ್ದಿಸಲು ಐದು ನಿಮಿಷ. ಐದು ವರ್ಷದ ಮೇಲೆ ತಿದ್ದಿಸಲು ಹತ್ತು ಕಚೇರಿ ಅಲೆಯಬೇಕು.

ನಾಲ್ಕನೆಯದು ಓದು. ಓಟಗಾರ್ತಿಯ ಕಾಲಿನ ವಯಸ್ಸು ಮೂವತ್ತರ ಆಸುಪಾಸು ಮುಗಿಯುತ್ತದೆ. ಗಾಯವಾದರೆ ಅದಕ್ಕೂ ಮೊದಲೇ. ಆಮೇಲೆ ಮೈದಾನದಲ್ಲೇ ಬದುಕಬೇಕಾದರೆ ಎರಡು ದಾರಿ ಮುಖ್ಯ. ಪದವಿಯ ನಂತರ ಬಿ.ಪಿ.ಎಡ್. ಮಾಡಿ ಶಾಲೆಯ ದೈಹಿಕ ಶಿಕ್ಷಕರಾಗುವುದು ಒಂದು; ಎನ್‌ಐಎಸ್ ಡಿಪ್ಲೊಮಾ ಮಾಡಿ ತರಬೇತುದಾರರಾಗುವುದು ಇನ್ನೊಂದು. ಎರಡಕ್ಕೂ ಮುಂಚೆ ಹತ್ತು, ಹನ್ನೆರಡು, ಪದವಿ ಎಂಬ ಮೆಟ್ಟಿಲುಗಳಿವೆ. ಆದ್ದರಿಂದ "ಓಟವೋ ಓದೋ" ಎಂದು ಮಗುವಿನ ಮುಂದೆ ಎರಡು ತಟ್ಟೆ ಇಡಬೇಡಿ. ಕ್ರೀಡಾಕೂಟದ ವಾರ ತಪ್ಪಿದ ಪಾಠವನ್ನು ಮುಂದಿನ ವಾರ ಸಂಜೆ ಕೂರಿಸಿ ಹೇಳಿಕೊಡಿ ಎಂದು ಶಾಲೆಯನ್ನು ಕೇಳಿ. ಕೇಳಿದರೆ ಇಲ್ಲವೆನ್ನುವ ಮೇಷ್ಟ್ರು ಕಡಿಮೆ.

ಕೊನೆಯದಾಗಿ, ಸೋತು ಬಂದ ಸಂಜೆಯ ಮಾತು. ಶಾಂತಿಯವರಿಗೆ ಬಂದಂಥ ಪೆಟ್ಟು ನಮ್ಮ ಮಕ್ಕಳಿಗೆ ಬರದಿರಲಿ. ಆದರೆ ಚಿಕ್ಕ ಪೆಟ್ಟುಗಳು ಬಂದೇ ಬರುತ್ತವೆ. ಓಟದ ಮಧ್ಯೆ ಬಿದ್ದಳು, ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು, ಯಾರೋ ಮೈಕಟ್ಟನ್ನು ಆಡಿಕೊಂಡರು, "ಹುಡುಗನ ಥರ ಇದ್ದಾಳೆ" ಎಂದರು. ಬೆಳೆಯುವ ಹೆಣ್ಣುಮಗುವಿಗೆ ಈ ಕೊನೆಯ ಮಾತು ಬಹಳ ಆಳಕ್ಕೆ ಇಳಿಯುತ್ತದೆ. ಅಂಥ ದಿನ ಮನೆಯಲ್ಲಿ ಲೆಕ್ಕ ಕೇಳಬೇಡಿ, ಬಸ್ಸಿನ ಖರ್ಚಿನ ಮಾತೆತ್ತಬೇಡಿ. ಬಿಸಿನೀರು ಕಾಯಿಸಿಡಿ, ಊಟಕ್ಕೆ ಬಡಿಸಿ, ಅವಳಾಗಿ ಮಾತು ತೆಗೆಯುವವರೆಗೆ ಕಾಯಿರಿ.

ಶಾಂತಿಯವರು ಈಗ ಕಲಿಸುವವರು. ಅವರಿಗೆ ಓಟದ ಮೊದಲ ಪಾಠ ಹೇಳಿಕೊಟ್ಟದ್ದು ಯಾವ ಸಂಸ್ಥೆಯೂ ಅಲ್ಲ, ಗುಡಿಸಲಿನ ಮುಂದಿನ ಮಣ್ಣಿನಲ್ಲಿ ನಿಂತ ಅಜ್ಜ. ಮುಂದಿನ ವಲಯ ಕ್ರೀಡಾಕೂಟದ ಪಟ್ಟಿಗೆ ಸಹಿ ಹಾಕಲು ಶಾಲೆಯಿಂದ ಚೀಟಿ ಬಂದಾಗ ಇದನ್ನು ನೆನೆಸಿಕೊಂಡು ಸಹಿ ಹಾಕಿ. ಆ ದಿನ ಆದರೆ ಒಂದು ಹೊತ್ತು ಬಿಡುವು ಮಾಡಿಕೊಂಡು ಮೈದಾನಕ್ಕೂ ಬನ್ನಿ. ಎರಡನೆಯ ಸುತ್ತಿನಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಯಾರಾದರೂ ಕೂಗಿದರೆ ಮಗುವಿನ ಕಾಲಿಗೆ ಅದು ಕೇಳಿಸುತ್ತದೆ.